ಬಿಡಿಭಾಗ ತಂದು ಸೈಕಲ್ ಕಟ್ಟುವವರಿಗೆ: ಯಾವುದಕ್ಕೆ ಯಾವುದು ಕೂರುತ್ತೆ

ಬಿಬಿ (ಬಾಟಮ್ ಬ್ರ್ಯಾಕೆಟ್, ಎರಡು ಪೆಡಲುಗಳ ನಡುವಿನ ಆಕ್ಸಲ್ ತಿರುಗುವ ಬೇರಿಂಗು) ಕಪ್ಪಿನ ಡಬ್ಬಿ ಮೇಲೆ ‘ಬಿಎಸ್‌ಎ 1.37 × 24’ ಅಂತ ಅಚ್ಚಾಗಿರುವುದನ್ನು ಸೈಕಲ್ ಬಿಚ್ಚಿ ಕೂರಿಸುವವರೆಲ್ಲ ನೋಡಿರುತ್ತಾರೆ. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಆ ಊರಿನ ಬಂದೂಕು ಕಸುಬಿನವರು ಸೇರಿ ಕಟ್ಟಿದ ಕಂಪನಿ ಅದು. ಅದರ ಗುರುತೇ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ರೈಫಲ್. ಯಂತ್ರದಲ್ಲಿ ರೈಫಲ್ ಮಾಡಲು ಹುಟ್ಟಿದ ಕಾರ್ಖಾನೆ ಆಮೇಲೆ ಸೈಕಲ್ಲಿಗೂ ಕೈ ಹಾಕಿತು. ಅದರ ಥ್ರೆಡ್ಡಿನ ಅಳತೆ ಇವತ್ತಿಗೂ ಲೋಕದ ಎಷ್ಟೋ ಸೈಕಲ್ಲುಗಳ ಹೊಟ್ಟೆಯಲ್ಲಿದೆ. ನಮ್ಮ ದೇಶದಲ್ಲಿ ಬಿಎಸ್‌ಎ, ಹರ್ಕ್ಯುಲಿಸ್ ಹೆಸರಿನ ಸೈಕಲ್ ಮಾಡುವ ಟಿಐ ಸೈಕಲ್ಸ್ 1949ರಲ್ಲಿ ಮದರಾಸಿನಲ್ಲಿ ಶುರುವಾಯಿತು. ದಾವಣಗೆರೆಯ ಹಳೇ ಮನೆಗಳ ಹಿತ್ತಲಲ್ಲಿ ಇನ್ನೂ ಗೋಡೆಗೊರಗಿ ನಿಂತಿರುವ ಫ್ರೇಮುಗಳಲ್ಲಿ ಎಷ್ಟೋ ಅಲ್ಲಿಂದ ಬಂದವು.

ಯಾವ ಭಾಗ ತೆಗೆದುಕೊಂಡರೂ ಯಾವುದಕ್ಕಾದರೂ ಕೂರಬೇಕು ಅನ್ನುವ ಯೋಚನೆ ಬಂದೂಕಿನ ಕಸುಬಿನಿಂದಲೇ ಬೆಳೆದದ್ದು. ಅರ ಹಾಕಿ ಉಜ್ಜಿ ಕೂರಿಸಿದ ಬಂದೂಕಿನ ತುಂಡು ಪಕ್ಕದ ಬಂದೂಕಿಗೆ ಕೂರುತ್ತಿರಲಿಲ್ಲ. ಫ್ರಾನ್ಸಿನ ಒನೊರೆ ಬ್ಲಾಂಕ್ ಅನ್ನುವವನು ಇದಕ್ಕೆ ದಾರಿ ಹುಡುಕಿದ. 1785ರಲ್ಲಿ ಥಾಮಸ್ ಜೆಫರ್ಸನ್ ಅವನ ಕಾರ್ಯಾಗಾರದಲ್ಲಿ ಕೈಗೆ ಸಿಕ್ಕ ತುಂಡುಗಳನ್ನು ಎತ್ತಿಕೊಂಡು ತಾನೇ ಜೋಡಿಸಿ ನೋಡಿದ. ಎಲ್ಲ ಸರಿಯಾಗಿ ಕೂತವು. ಮುಂದೆ ಬಂದೂಕಿನ ಕಾರ್ಖಾನೆಗಳು ಪ್ರತಿ ಅಳತೆಗೂ ಎರಡು ಗೇಜು ಇಟ್ಟುಕೊಳ್ಳುವ ಪದ್ಧತಿಗೆ ಬಂದವು. ಒಂದು ಗೇಜು ಒಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಬಾರದು. ಎರಡೂ ಪರೀಕ್ಷೆ ಗೆದ್ದರೆ ಮಾತ್ರ ಭಾಗ ಪಾಸು.

ಸೈಕಲ್ ಕಟ್ಟುವವರು ಮರೆಯುವುದು ಈ ಎರಡನೇ ಗೇಜನ್ನು. ಕೂರದ ಭಾಗದಿಂದ ಹಾನಿ ಕಮ್ಮಿ: ದುಡ್ಡು ಹೋಯಿತು, ವಾಪಸ್ ಕಳಿಸಿದಿರಿ, ಮುಗಿಯಿತು. ಕೂರಬಾರದ್ದು ಕೂತುಬಿಟ್ಟರೆ ಮಾತ್ರ ನೂರು ಕಿಲೋಮೀಟರ್ ಆದಮೇಲೆ ಪೆಡಲ್ ಹಿಡಿಯುವ ಕ್ರ್ಯಾಂಕ್ ಕಳಚುತ್ತದೆ, ಇಳಿಜಾರಿನಲ್ಲಿ ಟೈರು ರಿಮ್ಮಿನಿಂದ ಹೊರಬರುತ್ತದೆ. ಕೆಳಗೆ ಹೇಳುವುದರಲ್ಲಿ ಹೆಚ್ಚು ಪಾಲು ಇಂಥ ಅರೆಬರೆ ಕೂರುವ ಭಾಗಗಳ ವಿಷಯವೇ.

ಮೊದಲು ಫ್ರೇಮ್ ಅಳೆಯಿರಿ

ಫ್ರೇಮ್ ಕೈಯಲ್ಲಿದ್ದರೆ ಆರ್ಡರ್ ಹಾಕುವ ಮುಂಚೆ ಒಂದು ವರ್ನಿಯರ್, ಒಂದು ಸ್ಟೀಲ್ ಸ್ಕೇಲು ಹಿಡಿದು ಕೂರಿ. ಬಿಬಿ ಶೆಲ್ಲಿನ (ಫ್ರೇಮಿನಲ್ಲಿ ಬಿಬಿ ಕೂರುವ ಕೊಳವೆ) ಅಗಲ, ಅದರ ಥ್ರೆಡ್, ಹಿಂದಿನ ಚಕ್ರ ಕೂರುವ ಎರಡು ಕಿವಿಗಳ ನಡುವಿನ ಅಂತರ, ಮುಂದಿನ ಫೋರ್ಕಿನ ಅಂತರ, ಹೆಡ್ ಟ್ಯೂಬಿನ ಮೇಲಿನ ಮತ್ತು ಕೆಳಗಿನ ಒಳವ್ಯಾಸ, ಸೀಟ್ ಟ್ಯೂಬಿನ ಒಳವ್ಯಾಸ, ಬ್ರೇಕ್ ಬೋಲ್ಟಿನಿಂದ ರಿಮ್ಮಿನ ಅಂಚಿಗಿರುವ ದೂರ, ಟೈರು ಹೋಗುವ ಜಾಗದ ಅಗಲ. ಎಲ್ಲ ಒಂದು ಹಾಳೆಯಲ್ಲಿ ಮಿ.ಮೀ.ಗಳಲ್ಲಿ ಬರೆದಿಡಿ. ಮಾಡೆಲ್ ಹೆಸರು ನಂಬಿ ಆರ್ಡರ್ ಹಾಕಬೇಡಿ. ಒಂದೇ ಹೆಸರಿನ ಸೈಕಲ್ಲಿಗೆ ಎರಡು ವರ್ಷದಲ್ಲಿ ಎರಡು ಥರದ ಬಿಬಿ ಹಾಕಿರುವುದು ಮಾಮೂಲು.

ಬಿಬಿ ಮತ್ತು ಕ್ರ್ಯಾಂಕ್

ಬಿಎಸ್‌ಎ ಶೆಲ್ ಅಗಲ ರೋಡ್ ಸೈಕಲ್ಲಿಗೆ 68 ಮಿ.ಮೀ., ಮೌಂಟನ್ ಸೈಕಲ್ಲಿಗೆ 68 ಇಲ್ಲವೇ 73. ಥ್ರೆಡ್ 1.37 ಇಂಚು, ಇಂಚಿಗೆ 24 ಸುತ್ತು. ಚೈನಿನ ಕಡೆಯ ಕಪ್ಪಿಗೆ ಎಡಗೈ ಥ್ರೆಡ್, ಅಂದರೆ ಬಿಗಿ ಮಾಡಲು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಬೇಕು. ಬೇರಿಂಗ್ ಉರುಳುತ್ತ ಉರುಳುತ್ತ ಕಪ್ಪನ್ನು ಉಲ್ಟಾ ದಿಕ್ಕಿಗೆ ಜರುಗಿಸುತ್ತದೆ, ಆ ಕಾರಣಕ್ಕೇ ಈ ಎಡಗೈ ಏರ್ಪಾಡು. ಇಟಲಿಯ ಅಳತೆ ಬೇರೆ: 36 ಮಿ.ಮೀ. ವ್ಯಾಸ, ಅಗಲ 70, ಎರಡೂ ಕಡೆ ಬಲಗೈ ಥ್ರೆಡ್. ಇಟಾಲಿಯನ್ ಫ್ರೇಮುಗಳ ಬಲಗಡೆ ಕಪ್ಪು ಪದೇ ಪದೇ ಸಡಿಲವಾಗುವುದು ಅದಕ್ಕೇ.

ಇಂಗ್ಲೆಂಡಿನ ರ‍್ಯಾಲಿ ಕಂಪನಿ ತನ್ನದೇ ಇಂಚಿಗೆ 26 ಸುತ್ತಿನ ಥ್ರೆಡ್ ಇಟ್ಟುಕೊಂಡಿತ್ತು. ತಾತನ ಕಾಲದ ಆಮದು ಸೈಕಲ್ ಸಿಕ್ಕಿದ್ದರೆ ಇದನ್ನು ನೋಡಲೇಬೇಕು, ಯಾಕೆಂದರೆ 24ರ ಕಪ್ಪು 26ರ ಶೆಲ್ಲಿಗೆ ಎರಡು ಮೂರು ಸುತ್ತು ಸರಾಗವಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಉದ್ದನೆಯ ಪೈಪು ಹಾಕಿ ಎಳೆದರೆ ಶೆಲ್ಲಿನ ಥ್ರೆಡ್ ಕಿತ್ತುಬರುತ್ತದೆ. ಹಳೇ ಕಪ್ಪನ್ನು ಬಿಚ್ಚಿ ಹತ್ತು ಸುತ್ತಿನ ಉದ್ದ ವರ್ನಿಯರ್‌ನಲ್ಲಿ ಅಳೆಯಿರಿ. 10.6 ಮಿ.ಮೀ. ಬಂದರೆ 24, 9.8 ಬಂದರೆ 26. ಸರಿಯಾದ ಕಪ್ಪು ಬರಿಗೈಯಲ್ಲೇ ಐದಾರು ಸುತ್ತು ಹೋಗಬೇಕು. ಹೋಗದಿದ್ದರೆ ಒಳಗೆ ಪೇಂಟ್ ಇದೆಯಾ ಅಂತ ನೋಡಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಡೀಸೆಲ್ ಹಚ್ಚಿ ಉಜ್ಜಿ. ಆಗಲೂ ಹೋಗದಿದ್ದರೆ ನಿಲ್ಲಿಸಿಬಿಡಿ.

ಮಾಮೂಲಿ ಡಬಲ್ ಬಾರ್ ಸೈಕಲ್ಲಿನಲ್ಲಿ ಕ್ರ್ಯಾಂಕ್ ಹಿಡಿಯುವುದು ಕಾಟರ್ ಪಿನ್. ಇದರಲ್ಲಿ 9.5 ಮಿ.ಮೀ., 9 ಮಿ.ಮೀ. ಅಂತ ಎರಡು ದಪ್ಪ ಇವೆ. 9.5ರ ತೂತಿಗೆ 9ರ ಪಿನ್ ಹಾಕಿ ನಟ್ಟು ಎಳೆದರೆ ಬಿಗಿಯಾದಂತೆಯೇ ಕಾಣುತ್ತದೆ, ಆದರೆ ಭಾರ ಬೀಳುವುದು ಪಿನ್ನಿನ ಒಂದು ಅಂಚಿನ ಮೇಲೆ ಮಾತ್ರ. ನಾಲ್ಕು ದಿನದಲ್ಲಿ ಟಕ್ ಟಕ್ ಶುರು. ಪಿನ್ನಿನ ಚಪ್ಪಟೆ ಮುಖ ಆಕ್ಸಲ್ಲಿನ ಚಪ್ಪಟೆಗೆ ಪೂರ್ತಿ ತಾಗಬೇಕು, ಹಾಗಾಗಿ ಅರ ಹಾಕಿ ಸಮ ಮಾಡುವುದು ಇಲ್ಲಿ ತಪ್ಪಲ್ಲ, ಅದೇ ಪದ್ಧತಿ. ಎರಡು ಪಿನ್ನಿಗೂ ಒಂದೇ ಓರೆ ಇರುವಂತೆ ಉಜ್ಜಿ, ಒಂದನ್ನು ಮೇಲಿನಿಂದ ಹಾಕಿದರೆ ಇನ್ನೊಂದನ್ನು ಕೆಳಗಿನಿಂದ ಹಾಕಿ. ಎರಡನ್ನೂ ಒಂದೇ ದಿಕ್ಕಿಗೆ ಹಾಕಿದರೆ ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಮೇಲೆಯೇ ನಟ್ಟು. ನಟ್ಟಿನಿಂದಲೇ ಪಿನ್ನನ್ನು ಎಳೆಯಲು ಹೋದರೆ ಥ್ರೆಡ್ ಹೋಗುತ್ತದೆ.

ಚೌಕ ಆಕ್ಸಲ್ಲಿನದು ಇನ್ನೂ ನುಣ್ಣನೆಯ ಮೋಸ. ಜಿಸ್ ಅಂದರೆ ಜಪಾನಿನ ಅಳತೆ, ಐಸೊ ಅಂದರೆ ಯುರೋಪಿನ ಕಡೆಯದು. ಎರಡಕ್ಕೂ 2 ಡಿಗ್ರಿಯ ಇಳಿಜಾರು, ಕಣ್ಣಿಗೆ ಎರಡೂ ಒಂದೇ. ಆದರೆ ತುದಿಯ ದಪ್ಪ ಬೇರೆ. ಐಸೊ ಕ್ರ್ಯಾಂಕನ್ನು ಜಿಸ್ ಆಕ್ಸಲ್ಲಿಗೆ ಹಾಕಿದರೆ ಸುಮಾರು 4.5 ಮಿ.ಮೀ. ಹೊರಗೇ ನಿಲ್ಲುತ್ತದೆ. ಚೈನ್ ಲೈನ್, ಅಂದರೆ ಮುಂದಿನ ಹಿಂದಿನ ಗಾಲಿಗಳು ಒಂದೇ ಗೆರೆಯಲ್ಲಿರುವುದು, ಕೆಡುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ಉಲ್ಟಾ ಹಾಕಿದರೆ ಕ್ರ್ಯಾಂಕ್ ಒಳಗೆ ಜಾಸ್ತಿ ಹೋಗಿ ತಳ ಮುಟ್ಟುತ್ತದೆ, ಬೋಲ್ಟು ಬಿಗಿಯಾಯಿತು ಅನ್ನಿಸುತ್ತದೆ, ಇಳಿಜಾರಿನ ಮುಖಗಳು ಮಾತ್ರ ಒಂದನ್ನೊಂದು ಕಚ್ಚಿರುವುದೇ ಇಲ್ಲ. ಕೂರಿಸಿದಾಗ ಆಕ್ಸಲ್ಲಿನ ತುದಿ ಕ್ರ್ಯಾಂಕಿನ ತೂತಿನ ಒಳಗೇ ಸ್ವಲ್ಪ ಹಿಂದೆ ಇರಬೇಕು. ತುದಿ ಬೋಲ್ಟಿನ ವಾಷರಿಗೆ ತಾಗುತ್ತಿದ್ದರೆ ಆ ಜೋಡಿ ಬೇಡ. ಬೋಲ್ಟು 35ರಿಂದ 50 ನ್ಯೂಟನ್ ಮೀಟರ್ ಬಿಗಿ. ಸಡಿಲವಿದ್ದಾಗ ಐದು ಕಿಲೋಮೀಟರ್ ತುಳಿದರೂ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ದುಂಡಗಾಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲದು. ಹೊಸ ಕ್ರ್ಯಾಂಕೇ ಗತಿ.

ಆಕ್ಸಲ್ಲಿನ ಉದ್ದವನ್ನು ಕ್ರ್ಯಾಂಕ್ ತೀರ್ಮಾನಿಸುತ್ತದೆ, ಫ್ರೇಮ್ ಅಲ್ಲ. 113 ಮಿ.ಮೀ. ಬೇಕಾದ ಕಡೆ 118 ಹಾಕಿದರೆ ಚೈನ್‌ವೀಲ್ 2.5 ಮಿ.ಮೀ. ಹೊರಗೆ ಹೋಗುತ್ತದೆ. ಸಣ್ಣದೆನಿಸಿದರೂ ಒಂದು ಗೇರ್ ಪೂರ್ತಿ ಕೈಕೊಡಲು ಅಷ್ಟು ಸಾಕು. ಟೊಳ್ಳು ಆಕ್ಸಲ್ಲಿನ ಹೊಸ ಕ್ರ್ಯಾಂಕುಗಳಲ್ಲಿ ಶಿಮಾನೊ ಕಂಪನಿಯದ್ದು 24 ಮಿ.ಮೀ., ಸ್ರ್ಯಾಮ್ ಕಂಪನಿಯ ಡಬ್ ಅನ್ನುವ ಥರದ್ದು 28.99 ಮಿ.ಮೀ. ಕಪ್ಪಿನ ಹೊರಗಿನ ಥ್ರೆಡ್ ಎರಡಕ್ಕೂ ಬಿಎಸ್‌ಎ ಇರಬಹುದು, ಒಳಗಿನ ಬೇರಿಂಗ್ ಬೇರೆ. ಡಬ್ಬಿ ಮೇಲೆ ಎರಡೂ ಅಂಕಿ ನೋಡಿಯೇ ತೆಗೆದುಕೊಳ್ಳಿ.

ಪೆಡಲ್ ಥ್ರೆಡ್ 9/16 ಇಂಚು, ಎಡಗಡೆಯದು ಎಡಗೈ. ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಸ್ಪ್ಯಾನರ್ ಮುಟ್ಟದೆ ಬೆರಳಲ್ಲೇ ತಿರುಗಿಸಿ. ಎಡ ಬಲ ಅದಲುಬದಲಾಗಿ ಸ್ಪ್ಯಾನರ್ ಹಾಕಿ ಎಳೆದ ಕ್ರ್ಯಾಂಕುಗಳಿಗೆ ಲೆಕ್ಕವೇ ಇಲ್ಲ.

28 ಅಂದರೆ ಯಾವ 28?

ಟೈರಿನ ಪಕ್ಕದಲ್ಲಿ ಬರೆದ ಇಂಚಿನ ಲೆಕ್ಕ ನಂಬಬೇಡಿ. ಅದು ಹೊರಗಿನ ವ್ಯಾಸದ ಅಂದಾಜು, ಅದೂ ನೂರು ವರ್ಷದ ಹಿಂದಿನ ಟೈರಿಗೆ. ನೋಡಬೇಕಾದ್ದು ಐಎಸ್‌ಒ ಅಂಕಿ: 40-635 ಅಂತ ಬರೆದಿದ್ದರೆ ಟೈರಿನ ಅಗಲ 40 ಮಿ.ಮೀ., ರಿಮ್ಮಿನಲ್ಲಿ ಅಂಚು ಕೂರುವ ಜಾಗದ ವ್ಯಾಸ 635 ಮಿ.ಮೀ.

ಮಾಮೂಲಿ ಡಬಲ್ ಬಾರ್ ಸೈಕಲ್ಲಿನ 28 × 1½ ಟೈರು 635. ರೋಡ್ ಮತ್ತು ಹೈಬ್ರಿಡ್ ಸೈಕಲ್ಲಿನ 700ಸಿ 622, ಅದನ್ನೂ ಎಷ್ಟೋ ಕಡೆ 28 ಅಂತಲೇ ಬರೆದಿರುತ್ತಾರೆ. 29 ಇಂಚಿನ ಮೌಂಟನ್ ಟೈರು ಕೂಡ ಅದೇ 622. 27.5 ಅಂದರೆ 584. 26 ಇಂಚು ಅಂದಾಗ ಮೌಂಟನ್ ಸೈಕಲ್ಲಿನದು 559, 26 × 1⅜ ಆದರೆ 590. ಒಂದೇ ‘26’, ರಿಮ್ಮಿನಲ್ಲಿ 31 ಮಿ.ಮೀ. ವ್ಯತ್ಯಾಸ.

635ರ ರಿಮ್ಮಿಗೆ 622ರ ಟೈರು ಏರುವುದಿಲ್ಲ, ಅಲ್ಲಿಗೆ ಮುಗಿಯಿತು. 622ರ ರಿಮ್ಮಿಗೆ 635ರ ಟೈರು ಬರಿಗೈಯಲ್ಲೇ ಸಲೀಸಾಗಿ ಏರುತ್ತದೆ. ವ್ಯಾಸದಲ್ಲಿ 13 ಮಿ.ಮೀ. ಸಡಿಲ. ಗಾಳಿ ಹಾಕುತ್ತ ಹೋದಂತೆ ಒಂದು ಕಡೆ ಅಂಚು ಮೇಲೆದ್ದು ಟ್ಯೂಬು ಹೊರಗೆ ಉಬ್ಬಿ ಒಡೆಯುತ್ತದೆ. ಅಂಗಡಿಯಲ್ಲೇ ಒಡೆದರೆ ಒಳ್ಳೆಯದು. ಟ್ಯೂಬಿಗೆ ಇಷ್ಟು ಕಟ್ಟುನಿಟ್ಟಿಲ್ಲ, ರಬ್ಬರು ಹಿಗ್ಗುತ್ತದೆ. ಅದರಲ್ಲಿ ನೋಡಬೇಕಾದ್ದು ವಾಲ್ವು. ಮೋಟರ್ ಸೈಕಲ್ ಥರದ ದಪ್ಪ ವಾಲ್ವಿಗೆ 8.5 ಮಿ.ಮೀ. ತೂತು ಬೇಕು, ಸಪೂರ ಪ್ರೆಸ್ಟಾ ವಾಲ್ವಿಗೆ 6.5. ದಪ್ಪ ತೂತಿಗೆ ಪ್ರೆಸ್ಟಾ ಹಾಕುವುದಾದರೆ ರಬ್ಬರ್ ಬುಷ್ ಇಡಿ, ಇಲ್ಲದಿದ್ದರೆ ವಾಲ್ವಿನ ಬುಡದಲ್ಲೇ ಟ್ಯೂಬು ಹರಿಯುತ್ತದೆ. ಅಂಥ ಪಂಚರಿಗೆ ತೇಪೆ ನಿಲ್ಲುವುದಿಲ್ಲ.

ಹಬ್ಬು, ರಿಮ್ಮುಗಳ ತೂತಿನ ಸಂಖ್ಯೆ ಒಂದೇ ಇರಬೇಕು. ಮಾಮೂಲಿ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಗೇರ್ ಸೈಕಲ್ಲಿನಲ್ಲಿ ಎರಡೂ ಕಡೆ 32 ಇಲ್ಲವೇ 36. 40ರ ಹಳೇ ರಿಮ್ಮಿಗೆ 36ರ ಗೇರ್ ಹಬ್ಬು ಸೇರಿಸಲು ಹೋಗಬೇಡಿ.

ಕಡ್ಡಿಯ ಉದ್ದ ಲೆಕ್ಕ ಹಾಕಿಯೇ ತರಬೇಕು. ಬೇಕಾದ ಅಳತೆ ಮೂರು: ರಿಮ್ಮಿನ ಒಳಗೆ ನಿಪ್ಪಲ್ ಕೂರುವ ಜಾಗದಿಂದ ಎದುರಿನ ನಿಪ್ಪಲ್‌ವರೆಗಿನ ವ್ಯಾಸ, ಹಬ್ಬಿನ ಫ್ಲ್ಯಾಂಜಿನಲ್ಲಿ (ಕಡ್ಡಿ ಸಿಕ್ಕಿಸುವ ಬಿಲ್ಲೆ) ಎದುರುಬದುರು ತೂತುಗಳ ನಡುವಿನ ವ್ಯಾಸ, ಹಬ್ಬಿನ ನಡುವಿನಿಂದ ಆ ಫ್ಲ್ಯಾಂಜಿಗೆ ಇರುವ ದೂರ. ಒಂದು ಉದಾಹರಣೆ ಮಾಡಿ ನೋಡೋಣ. ರಿಮ್ 600, ಫ್ಲ್ಯಾಂಜ್ 45, ದೂರ ಎಡಕ್ಕೆ 35, ಬಲಕ್ಕೆ 20, 36 ಕಡ್ಡಿ, ಮೂರು ಕ್ರಾಸ್ (ಒಂದೊಂದು ಕಡ್ಡಿ ಮೂರು ಕಡ್ಡಿಗಳನ್ನು ದಾಟುತ್ತದೆ). ಒಂದು ಕಡೆಗೆ 18 ಕಡ್ಡಿ, ಆದ್ದರಿಂದ ಕೋನ 3 × 360 ÷ 18, ಅಂದರೆ 60 ಡಿಗ್ರಿ. 300ರ ವರ್ಗ, 22.5ರ ವರ್ಗ, 35ರ ವರ್ಗ ಮೂರನ್ನೂ ಕೂಡಿ, ಅದರಿಂದ 2 × 300 × 22.5 × 0.5 ಕಳೆಯಿರಿ (300, 22.5 ವ್ಯಾಸಗಳ ಅರ್ಧ, 0.5 ಅಂದರೆ 60 ಡಿಗ್ರಿಯ ಕೊಸೈನ್). 84,981 ಬರುತ್ತದೆ, ಅದರ ವರ್ಗಮೂಲ 291.5. ಫ್ಲ್ಯಾಂಜ್ ತೂತಿನ ಅರ್ಧ 1.3 ಕಳೆದರೆ ಎಡಗಡೆ 290 ಮಿ.ಮೀ. ಬಲಕ್ಕೆ ಅದೇ ಲೆಕ್ಕ 20 ಹಾಕಿ ಮಾಡಿದರೆ 288.8, ಅಲ್ಲಿಗೆ 288 ಇಲ್ಲವೇ 289 ತನ್ನಿ. ಎರಡು ಕಡೆಗೂ ಒಂದೇ ಉದ್ದ ಕೊಂಡು ತಂದರೆ ಒಂದು ಕಡೆ ಕಡ್ಡಿ ನಿಪ್ಪಲ್ ದಾಟಿ ಟ್ಯೂಬಿಗೆ ಚುಚ್ಚುತ್ತದೆ, ಇಲ್ಲವೇ ಇನ್ನೊಂದು ಕಡೆ ಥ್ರೆಡ್ ಅರ್ಧಕ್ಕೇ ನಿಂತು ನಿಪ್ಪಲ್ ತಲೆ ಕಿತ್ತುಹೋಗುತ್ತದೆ. ಒಂದು ಮಿ.ಮೀ. ಆಚೀಚೆ ಆದರೆ ನಡೆಯುತ್ತದೆ, ಮೂರು ಆದರೆ ನಡೆಯದು.

ಹಿಂದಿನ ಹಬ್ಬಿನ ಅಗಲ ಗೇರಿನ ರೋಡ್ ಸೈಕಲ್ಲಿಗೆ 130, ಮೌಂಟನ್ ಮತ್ತು ಹೈಬ್ರಿಡ್‌ಗೆ 135, ಹಬ್ಬಿನೊಳಗೆ ತೂರಿಸುವ ದಪ್ಪ ಆಕ್ಸಲ್ಲಿಗೆ 142 ಅಥವಾ 148. ಕಬ್ಬಿಣದ ಫ್ರೇಮಿನಲ್ಲಿ 130ರ ಜಾಗಕ್ಕೆ 135ರ ಚಕ್ರ ಕೈಯಿಂದ ಅಗಲಿಸಿ ತೂರಿಸಬಹುದು, ಒಂದೊಂದು ಕಡೆ 2.5 ಮಿ.ಮೀ. ಅಷ್ಟೇ. ಅಲ್ಯೂಮಿನಿಯಂ ಫ್ರೇಮಿಗೆ ಇದನ್ನು ಮಾಡಲೇಬೇಡಿ, ಅದು ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ.

ಗೇರು

ಅತಿ ಹೆಚ್ಚು ದುಡ್ಡು ಪೋಲಾಗುವ ಜಾಗ ಇದು. ಗೇರ್ ಬದಲಿಸುವ ಶಿಫ್ಟರ್ ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯುತ್ತದೆ, ಚೈನನ್ನು ಗಾಲಿಯಿಂದ ಗಾಲಿಗೆ ದಾಟಿಸುವ ಡಿರೇಲರ್ ಆ ಎಳೆತವನ್ನು ಎಷ್ಟು ಪಟ್ಟು ಮಾಡಿ ಪಕ್ಕಕ್ಕೆ ಸರಿಯುತ್ತದೆ, ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲಾದ ಕ್ಯಾಸೆಟ್ಟಿನ ಒಂದು ಹಲ್ಲುಗಾಲಿಯಿಂದ ಮುಂದಿನದಕ್ಕೆ ಎಷ್ಟು ದೂರ. ಮೊದಲ ಎರಡನ್ನು ಗುಣಿಸಿದರೆ ಮೂರನೆಯದು ಬರಬೇಕು. ಹೊಂದಾಣಿಕೆಯ ಇಡೀ ಗುಟ್ಟು ಇಷ್ಟೇ.

ಶಿಮಾನೊದ 8 ಸ್ಪೀಡಿನಲ್ಲಿ ಕ್ಲಿಕ್ಕಿಗೆ 2.8 ಮಿ.ಮೀ., ಡಿರೇಲರ್ 1.7 ಪಟ್ಟು, ಒಟ್ಟು 4.76. ಗಾಲಿಗಳ ಅಂತರ 4.8. ಸರಿ ಹೋಯಿತು. 9 ಸ್ಪೀಡಿನಲ್ಲಿ 2.5, ಅದೇ 1.7 ಪಟ್ಟು, ಅಂತರ 4.35. ಆದ್ದರಿಂದ 8 ಸ್ಪೀಡಿನ ಶಿಫ್ಟರ್ ಮತ್ತು ಕ್ಯಾಸೆಟ್ಟಿಗೆ 9ರ ಡಿರೇಲರ್ ಹಾಕಿದರೆ ಚೆನ್ನಾಗಿಯೇ ಓಡುತ್ತದೆ, ಡಿರೇಲರಿಗೆ ಎಷ್ಟು ಸ್ಪೀಡು ಅನ್ನುವುದೇ ಗೊತ್ತಿಲ್ಲ. 8ರ ಶಿಫ್ಟರಿಗೆ 9ರ ಕ್ಯಾಸೆಟ್ ಹಾಕಿದರೆ ಮಾತ್ರ ಪ್ರತಿ ಕ್ಲಿಕ್ಕಿಗೂ 0.4 ಮಿ.ಮೀ. ತಪ್ಪು ಸೇರುತ್ತ ಹೋಗುತ್ತದೆ. ಮೊದಲೆರಡು ಗೇರು ಸರಿ, ಕೊನೆಯ ಹೊತ್ತಿಗೆ ಚೈನು ಎರಡು ಗಾಲಿಗಳ ನಡುವೆ ನಿಂತು ಕರಕರ ಅನ್ನುತ್ತದೆ. ಕೇಬಲ್ ಅಡ್ಜಸ್ಟ್ ಮಾಡಿ ಮಾಡಿ ಸಾಕಾಗುವವರೆಗೂ ಜನ ಅದರಲ್ಲೇ ಇರುತ್ತಾರೆ.

10 ಸ್ಪೀಡಿನಿಂದ ಇನ್ನೂ ಕಷ್ಟ. ರೋಡ್ ಶಿಫ್ಟರ್ 2.3 ಮಿ.ಮೀ. ಎಳೆಯುತ್ತದೆ, ರೋಡ್ ಡಿರೇಲರ್ 1.7 ಪಟ್ಟು. ಮೌಂಟನ್ ಕಡೆಯದು 3.4 ಎಳೆತ, 1.2 ಪಟ್ಟು. ರೋಡ್ ಶಿಫ್ಟರಿಗೆ ಮೌಂಟನ್ 10ರ ಡಿರೇಲರ್ ಜೋಡಿಸಿದರೆ 2.3 × 1.2, ಅಂದರೆ 2.76 ಮಿ.ಮೀ. ಮಾತ್ರ ಸರಿಯುತ್ತದೆ, ಬೇಕಾದ್ದು 3.95. ಎರಡರ ಡಬ್ಬಿ ಮೇಲೂ ‘10 ಸ್ಪೀಡ್’ ಅಂತಲೇ ಇರುತ್ತದೆ. ಚಿತ್ರದುರ್ಗದ ಏರಿಗೆ ದೊಡ್ಡ ಗಾಲಿ ಬೇಕು ಅಂತ ರೋಡ್ ಸೈಕಲ್ಲಿಗೆ ಮೌಂಟನ್ ಡಿರೇಲರ್ ಹಾಕುವವರು ಬೀಳುವ ಹಳ್ಳ ಇದೇ. ಅವರಿಗೆ ಸರಿಹೊಂದುವುದು ಮೌಂಟನ್ 9ರ ಡಿರೇಲರ್, ಅದು 1.7 ಪಟ್ಟಿನದು, ರೋಡ್ 10ರ ಶಿಫ್ಟರ್ ಜೊತೆ ಸಲೀಸಾಗಿ ನಡೆಯುತ್ತದೆ.

ಶಿಮಾನೊದ ಟಿಯಾಗ್ರಾ ಅನ್ನುವ ರೋಡ್ ಗೇರಿನಲ್ಲಿ ಇನ್ನೊಂದು ಮೋಸವಿದೆ. 4600 ಸರಣಿ, 4700 ಸರಣಿ ಎರಡೂ 10 ಸ್ಪೀಡು. ಆದರೆ 4700ರ ಡಿರೇಲರ್ 11 ಸ್ಪೀಡಿನ ರೋಡ್ ಲೆಕ್ಕದ್ದು, 1.4 ಪಟ್ಟು. ಒಂದರ ಶಿಫ್ಟರಿಗೆ ಇನ್ನೊಂದರ ಡಿರೇಲರ್ ಹಾಕಬಾರದು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಭಾಗದ ಒಳಮೈ ಮೇಲೆ ಕೆತ್ತಿರುವ ನಂಬರಿನ ಫೋಟೊ ಕೇಳಿ.

ಹಿಂದಿನ ಹಬ್ಬಿನಲ್ಲಿ ಗೇರ್ ಕೂರುವುದು ಎರಡು ಥರ. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಫ್ರೀವೀಲನ್ನೇ ಥ್ರೆಡ್ಡಿನ ಮೇಲೆ ತಿರುಗಿಸುತ್ತಾರೆ, ಅಳತೆ ಅದೇ 1.37 × 24. ಅದರಲ್ಲಿ ಬಲಗಡೆ ಬೇರಿಂಗ್ ಹಬ್ಬಿನ ಒಳಗೆ ದೂರದಲ್ಲಿ ಇರುವುದರಿಂದ ಆಕ್ಸಲ್ಲಿನ ತುದಿಗೆ ಆಸರೆಯಿಲ್ಲ. ಗಾಲಿ ಹೆಚ್ಚಾದಷ್ಟೂ ಆಸರೆಯಿಲ್ಲದ ಉದ್ದ ಹೆಚ್ಚು. 7ರವರೆಗೆ ಸರಿ, 8ರ ಫ್ರೀವೀಲ್ ಹಾಕಿ ಹಿಂದೆ ಹಾಲಿನ ಕ್ಯಾನ್ ಕಟ್ಟಿದರೆ ಆಕ್ಸಲ್ ಬಾಗುವುದು ಖಂಡಿತ. ಭಾರ ಹೊರುವ ಸೈಕಲ್ಲಿಗೆ ಕ್ಯಾಸೆಟ್ ಹಬ್ಬಿನ ಮೇಲೆಯೇ ದುಡ್ಡು ಹಾಕಿ.

ಕ್ಯಾಸೆಟ್ ಹಬ್ಬಿನಲ್ಲಿ ಶಿಮಾನೊದ ಎಚ್‌ಜಿ ಅನ್ನುವ ಬಾಡಿ, ಅಂದರೆ ಕ್ಯಾಸೆಟ್ ಕೂರುವ ಉರುಳೆ, ಅದಕ್ಕೆ 8, 9, 10 ಮೂರೂ ಕೂರುತ್ತವೆ, 7ರದಕ್ಕೆ 4.5 ಮಿ.ಮೀ. ಸ್ಪೇಸರ್ ಬೇಕು. 11ರ ರೋಡ್ ಬಾಡಿ 1.85 ಮಿ.ಮೀ. ಹೆಚ್ಚು ಅಗಲ. ಅದರ ಮೇಲೆ 8, 9, 10 ಹಾಕುವುದಾದರೆ ಅಷ್ಟೇ ದಪ್ಪದ ಸ್ಪೇಸರ್ ಮೊದಲು ಹಾಕಿ. 11ರ ರೋಡ್ ಕ್ಯಾಸೆಟ್ ಸಾಮಾನ್ಯವಾಗಿ ಹಳೇ ಬಾಡಿಯ ಮೇಲೆ ಕೂರುವುದಿಲ್ಲ, ಎಚ್‌ಜಿ800ರ 11-34 ಥರದ್ದು ಮಾತ್ರ ಕೂರುತ್ತದೆ. ಲಾಕ್ ರಿಂಗ್ 40 ನ್ಯೂಟನ್ ಮೀಟರ್. ಬಿಗಿ ಮಾಡಿದ ಮೇಲೆ ಗಾಲಿಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಸ್ವಲ್ಪ ಆಡಿದರೂ ಸ್ಪೇಸರ್ ಮರೆತಿದ್ದೀರಿ ಅಂತಲೇ ಅರ್ಥ.

ಚೈನಿನ ಕೊಂಡಿಯಿಂದ ಕೊಂಡಿಗೆ ಅರ್ಧ ಇಂಚು, ಇದು ಎಲ್ಲ ಸೈಕಲ್ಲಿಗೂ ಒಂದೇ. ಅಗಲ ಬೇರೆ. ಮಾಮೂಲಿ ಸೈಕಲ್ಲಿಗೆ 1/8 ಇಂಚು, 8 ಸ್ಪೀಡಿನವರೆಗೆ 3/32. 1/8ರ ಚೈನು 3/32ರ ಹಲ್ಲಿನ ಮೇಲೆ ಓಡುತ್ತದೆ, 3/32ರ ಚೈನು 1/8ರ ದಪ್ಪ ಹಲ್ಲಿನ ಮೇಲೆ ಏರಿ ನಿಲ್ಲುತ್ತದೆ. 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಸ್ಕೇಲಿನಲ್ಲಿ 1/16 ಇಂಚು ಜಾಸ್ತಿ ಬಂದರೆ ಚೈನು ಬದಲಿಸಿ. ಸವೆದ ಚೈನು ಹೊಸ ಕ್ಯಾಸೆಟ್ಟನ್ನೂ ತಿಂದುಹಾಕುತ್ತದೆ.

ಡಿರೇಲರ್ ಎಷ್ಟು ಚೈನು ಎಳೆದುಕೊಳ್ಳಬಲ್ಲದು ಅನ್ನುವುದಕ್ಕೂ ಮಿತಿಯಿದೆ. ಮುಂದೆ 46/30, ಹಿಂದೆ 11-34 ಇದ್ದರೆ 16 ಮತ್ತು 23 ಕೂಡಿ 39. ಡಿರೇಲರಿನ ಸಾಮರ್ಥ್ಯ 39 ಅಥವಾ ಹೆಚ್ಚಿರಬೇಕು. ಚಿತ್ರದುರ್ಗದ ಜೋಗಿಮಟ್ಟಿಯ ಏರಿಗೆ ಈ 30ರ ಚೈನ್‌ವೀಲು, 34ರ ಗಾಲಿ ಒಳ್ಳೆಯ ಜೋಡಿ. ಒಂದು ಸುತ್ತು ತುಳಿದರೆ 1.85 ಮೀಟರ್ ಮುಂದೆ ಹೋಗುತ್ತದೆ, ನಿಮಿಷಕ್ಕೆ 60 ಸುತ್ತಿನಲ್ಲಿ ಗಂಟೆಗೆ 6.7 ಕಿಲೋಮೀಟರ್. ಅದಕ್ಕಿಂತ ಮೆಲ್ಲಗೆ ಹೋದರೆ ಸೈಕಲ್ ನೆಟ್ಟಗೆ ನಿಲ್ಲಿಸುವುದೇ ಕೆಲಸವಾಗುತ್ತದೆ. ದಾವಣಗೆರೆ, ಹರಿಹರ, ಕೊಂಡಜ್ಜಿ ಕಡೆಯ ಸಮತಟ್ಟಿನಲ್ಲೇ ಓಡಾಡುವವರಿಗೆ ಮುಂದೆ ಎರಡು ಚೈನ್‌ವೀಲು ಬೇಕಿಲ್ಲ. ಒಂದೇ 40 ಇಟ್ಟರೆ ಶಿಫ್ಟರ್, ಮುಂದಿನ ಡಿರೇಲರ್, ಕೇಬಲ್ ಮೂರೂ ಉಳಿತಾಯ.

ಬ್ರೇಕು

ರಿಮ್ಮಿನ ಎರಡೂ ಪಕ್ಕ ಉದ್ದ ತೋಳಿರುವ ವಿ ಬ್ರೇಕಿಗೆ ಲಿವರ್ ಎಳೆಯುವ ಕೇಬಲ್ಲಿನ ಉದ್ದ ರೋಡ್ ಸೈಕಲ್ಲಿನ ಕ್ಯಾಲಿಪರ್ ಬ್ರೇಕಿನದರ ಸುಮಾರು ಎರಡರಷ್ಟು. ವಿ ಬ್ರೇಕಿಗೆ ರೋಡ್ ಲಿವರ್ ಹಾಕಿದರೆ ಲಿವರ್ ಹ್ಯಾಂಡಲ್ ಮುಟ್ಟಿದರೂ ಪ್ಯಾಡು ರಿಮ್ಮನ್ನು ಸರಿಯಾಗಿ ಒತ್ತುವುದಿಲ್ಲ. ಕ್ಯಾಲಿಪರಿಗೆ ವಿ ಲಿವರ್ ಹಾಕಿದರೆ ಹಿಡಿದ ತಕ್ಷಣ ಗಟ್ಟಿ ಅನ್ನಿಸುತ್ತದೆ, ಅಂಗಡಿ ಮುಂದೆ ಒತ್ತಿ ನೋಡಿದವರು ಒಳ್ಳೇ ಬ್ರೇಕು ಅಂದುಕೊಳ್ಳುತ್ತಾರೆ. ರಸ್ತೆಗಿಳಿದಾಗ ಎಷ್ಟು ಒತ್ತಿದರೂ ಸೈಕಲ್ ನಿಲ್ಲದು. ಕೇಬಲ್ಲಿನ ಡಿಸ್ಕ್ ಬ್ರೇಕಿನಲ್ಲೂ ರೋಡ್, ಮೌಂಟನ್ ಅಂತ ಇದೇ ಎರಡು ಜಾತಿ.

ಎಣ್ಣೆಯ ಡಿಸ್ಕ್ ಬ್ರೇಕಿನಲ್ಲಿ ಶಿಮಾನೊಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಬಹುಪಾಲು ಬ್ರೇಕುಗಳಿಗೆ ಡಾಟ್ 5.1 ಅನ್ನುವ ದ್ರವ. ಒಂದರಲ್ಲಿ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ, ತೊಳೆದು ಸರಿಯಾದ ಎಣ್ಣೆ ಹಾಕಿದರೂ ಸುಧಾರಿಸುವುದಿಲ್ಲ. ಬೈಕಿನ ಬ್ರೇಕ್ ಆಯಿಲ್ ಎಲ್ಲ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ಅದು ಡಾಟ್. ಶಿಮಾನೊಗೆ ಹಾಕಬೇಡಿ. ಡಿಸ್ಕು ಹಬ್ಬಿಗೆ ಕೂರುವುದು ಆರು ಬೋಲ್ಟಿನಲ್ಲಿ ಇಲ್ಲವೇ ಸೆಂಟರ್ ಲಾಕಿನಲ್ಲಿ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರುವುದರಲ್ಲಿ ಬೋಲ್ಟುಗಳ ಅಂತರ 51 ಮಿ.ಮೀ. ಆದರೆ ಐಎಸ್, 74 ಆದರೆ ಪೋಸ್ಟ್ ಮೌಂಟ್. ಇವಕ್ಕೆ ಅಡಾಪ್ಟರ್ ಸಿಗುತ್ತದೆ, ಡಿಸ್ಕಿನ ಅಳತೆ ಹೇಳಿ ಕೊಳ್ಳಿ.

ಹ್ಯಾಂಡಲ್, ಸೀಟು

ಸೀಟ್ ಪೋಸ್ಟ್ ಹೆಚ್ಚಾಗಿ 0.2 ಮಿ.ಮೀ. ಹೆಜ್ಜೆಯಲ್ಲಿ ಬರುತ್ತದೆ. 27.2ರ ಟ್ಯೂಬಿಗೆ 27.0 ಹಾಕಿದರೆ ಕ್ಲ್ಯಾಂಪು ಎಷ್ಟು ಬಿಗಿದರೂ ಸೀಟು ಇಳಿಯುತ್ತಲೇ ಇರುತ್ತದೆ, ಕೊನೆಗೆ ಟ್ಯೂಬಿನ ಕಿವಿ ಸೀಳುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ, ಉದಾಹರಣೆಗೆ 30.9ಕ್ಕೆ 27.2 ಹಾಕಬೇಕಿದ್ದರೆ, ಲೇತಿನವರ ಹತ್ತಿರ ಅಲ್ಯೂಮಿನಿಯಂ ಬುಷ್ ತಿರುಗಿಸಿಕೊಂಡು ಉದ್ದಕ್ಕೆ ಒಂದು ಸೀಳು ಹಾಕಿಸಿ, ಅದು ಸರಿಯಾದ ಪರಿಹಾರ. ಕ್ರ್ಯಾಂಕ್, ಹ್ಯಾಂಡಲ್ ಹಿಡಿಯುವ ಸ್ಟೆಮ್, ಡಿರೇಲರ್ ತೂಗುಹಾಕುವ ಹ್ಯಾಂಗರುಗಳನ್ನು ಮಾತ್ರ ಲೇತಿಗೆ ಕೊಡಬೇಡಿ.

ಹ್ಯಾಂಡಲ್ಲಿನ ನಡುಭಾಗ ಹೆಚ್ಚಾಗಿ 25.4, 26.0, 31.8, ಈ ಮೂರರಲ್ಲೊಂದು. 25.4ರ ಹ್ಯಾಂಡಲ್ 26ರ ಸ್ಟೆಮ್ಮಿಗೆ ಕೂರುತ್ತದೆ, ಬೋಲ್ಟೂ ಬಿಗಿಯುತ್ತದೆ, ಗುಂಡಿ ಹಾರಿದಾಗ ತಿರುಗಿಬಿಡುತ್ತದೆ. ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗು) ಕೆಳಗಿನ ರೇಸು, ಅಂದರೆ ಬೇರಿಂಗ್ ಕೂರುವ ಬಳೆ, 1 ಇಂಚಿನ ಫೋರ್ಕಿನಲ್ಲಿ 26.4 ಮತ್ತು 27.0 ಎರಡು ಇವೆ. 26.4ರ ರೇಸನ್ನು 27ಕ್ಕೆ ಹೊಡೆದು ಇಳಿಸಿದರೆ ಸೀಳುತ್ತದೆ, 27ರದ್ದು 26.4ಕ್ಕೆ ಲೊಡಲೊಡ. ಬೇರಿಂಗಿನ ಮೇಲೆ 36/45 ಅಥವಾ 45/45 ಅಂತ ಕೋನ ಕೆತ್ತಿರುತ್ತಾರೆ, ಹಳೆಯದರಲ್ಲಿ ಏನಿದೆಯೋ ಅದನ್ನೇ ತನ್ನಿ.

ನಮ್ಮ ನೆಲಕ್ಕೆ ಬೇಕಾದ್ದು

ಭದ್ರಾ ನಾಲೆಯ ಏರಿ ಮೇಲೆ, ಎರೆ ಹೊಲದ ದಾರಿಗಳಲ್ಲಿ ಮಳೆಗಾಲದಲ್ಲಿ ಓಡಿಸುವವರು ಟೈರಿನ ಎರಡೂ ಪಕ್ಕ ಕನಿಷ್ಠ 6 ಮಿ.ಮೀ. ಜಾಗ ಬಿಡಿ. ಫ್ರೇಮಿಗೆ 40ರ ಟೈರು ಕೂರುತ್ತದೆ ಅಂತ ಕಂಪನಿ ಹೇಳಿದರೂ ಎರೆಮಣ್ಣಿಗೆ 35 ಸಾಕು. ಆ ಮಣ್ಣು ಟೈರಿಗೆ ಅಂಟಿ, ಬ್ರೇಕಿನ ಹತ್ತಿರ ಸೇರಿ, ಹಿಟ್ಟಿನಂತೆ ಗಟ್ಟಿಯಾಗಿ ಚಕ್ರ ನಿಲ್ಲಿಸಿಬಿಡುತ್ತದೆ. ಅಂಥ ದಾರಿಗೆ ಮಡ್‌ಗಾರ್ಡ್ ಬಿಚ್ಚಿಡುವುದೇ ಮೇಲು, ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು. ದುರ್ಗದ ಕಡೆ ಗಾಳಿ ಗಿರಣಿ ನಿಲ್ಲಿಸಿರುವ ಗುಡ್ಡದ ಸಾಲಿನಲ್ಲಿ ಅಡ್ಡಗಾಳಿ ಜೋರು, ಎತ್ತರದ ರಿಮ್ಮು ಮುಂದಿನ ಚಕ್ರಕ್ಕೆ ಬೇಡ. ಚಳ್ಳಕೆರೆ, ಹಿರಿಯೂರಿನ ದಾರಿಯ ಪಕ್ಕ ಬಳ್ಳಾರಿ ಜಾಲಿ ಮುಳ್ಳು ವರ್ಷವಿಡೀ ಇರುತ್ತದೆ. ಅಲ್ಲಿಗೆ ಟ್ಯೂಬ್‌ಲೆಸ್ ಮತ್ತು ತೂತು ತಾನೇ ಮುಚ್ಚುವ ಸೀಲೆಂಟ್ ಒಳ್ಳೆಯದು, ಆದರೆ ಟೈರು, ರಿಮ್ಮು ಎರಡೂ ಟ್ಯೂಬ್‌ಲೆಸ್‌ಗೆಂದೇ ಮಾಡಿರಬೇಕು. ಮಾಮೂಲಿ ಟೈರಿಗೆ ಸೀಲೆಂಟ್ ಸುರಿದು ಟ್ಯೂಬು ತೆಗೆದರೆ ಅಂಚು ನಿಲ್ಲುವುದಿಲ್ಲ. ಹಳೇ ರಿಮ್ಮೇ ಇರಲಿ ಅನ್ನುವವರು ಟ್ಯೂಬಿನ ಒಳಗೇ ಸೀಲೆಂಟ್ ಹಾಕಿ, ವಾಲ್ವಿನ ಪಿನ್ ಬಿಚ್ಚಲು ಬರುವಂಥ ಟ್ಯೂಬು ತನ್ನಿ.

ಜೋಡಿಸುವಾಗ ಹೆಡ್‌ಸೆಟ್, ಬಿಬಿ, ಕ್ರ್ಯಾಂಕ್ ಮೊದಲು, ಚಕ್ರ ಆಮೇಲೆ, ಬ್ರೇಕು ಅದಾದಮೇಲೆ, ಗೇರು ಕೊನೆಗೆ. ಡಿರೇಲರ್ ಅಡ್ಜಸ್ಟ್ ಮಾಡುವ ಮುಂಚೆ ಹ್ಯಾಂಗರ್ ನೆಟ್ಟಗಿದೆಯಾ ನೋಡಿ. ಹೊಸ ಫ್ರೇಮಿನಲ್ಲೂ ಪಾರ್ಸೆಲ್ ಬರುವಾಗ ಬಾಗಿರುತ್ತದೆ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಫ್ರೇಮ್ ಕೊಳ್ಳುವಾಗಲೇ ಎರಡು ಹೆಚ್ಚಿಗೆ ತರಿಸಿ ಒಂದನ್ನು ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ಮೊದಲ 50 ಕಿಲೋಮೀಟರ್ ಆದಮೇಲೆ ಕ್ರ್ಯಾಂಕ್ ಬೋಲ್ಟು, ಪೆಡಲ್, ಹೆಡ್‌ಸೆಟ್, ಕಾಟರ್ ಪಿನ್ ಇದ್ದರೆ ಅದರ ನಟ್ಟು, ಇವಿಷ್ಟನ್ನೂ ಮತ್ತೆ ಬಿಗಿ ನೋಡಿ. ಕೇಬಲ್ ಹಿಗ್ಗಿ ಗೇರು ಸ್ವಲ್ಪ ತಪ್ಪಿರುತ್ತದೆ, ಬ್ಯಾರಲ್ ಅಡ್ಜಸ್ಟರ್ ಅರ್ಧ ಸುತ್ತು ಬಿಚ್ಚಿದರೆ ಸರಿಯಾಗುತ್ತದೆ. ಕಡ್ಡಿಗಳನ್ನೂ ಎರಡೆರಡಾಗಿ ಹಿಸುಕಿ ನೋಡಿ, ಸಡಿಲ ಸಿಕ್ಕಿದ್ದನ್ನು ಕಾಲು ಸುತ್ತು ಎಳೆದು ಚಕ್ರ ತಿರುಗಿಸಿ ಓರೆ ನೋಡಿ.